ಗಂಜಿನ ತೊಗರಿ ದರ: ಸರಾಸರಿ, ಮಧ್ಯಾಂಕ, ಬಹುಲಕ, ವ್ಯಾಪ್ತಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಚಿತ್ತಾಪುರದ ಪಾಲಕ:

ಎಲ್ಲರಿಗೂ ಶರಣು. ನನ್ನ ಮಗಳು ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸುತ್ತಮುತ್ತಲಿನಿಂದ ಒಂದಿಷ್ಟು ಸಂಖ್ಯೆಗಳನ್ನು ಕಲೆಹಾಕಿ, ಅವುಗಳ ಸರಾಸರಿ, ಮಧ್ಯಾಂಕ, ಬಹುಲಕ ಮತ್ತು ವ್ಯಾಪ್ತಿಯನ್ನು ಕಂಡುಹಿಡಿದು ಬರೆದುಕೊಂಡು ಬರುವಂತೆ ಶಾಲೆಯಲ್ಲಿ ಹೇಳಿದ್ದಾರೆ. ನಮ್ಮ ಸಂಬಂಧಿಕರೊಬ್ಬರು ಕಲಬುರಗಿ ಗಂಜಿನಲ್ಲಿ, ಎಂದರೆ ಕೃಷಿ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಯಲ್ಲಿರುವುದರಿಂದ, ಒಂದೇ ದಿನ ಅಲ್ಲಿ ಮಾರಾಟವಾದ ಒಂಬತ್ತು ಜನರ ತೊಗರಿಯ ದರವನ್ನು ಚೀಟಿ ನೋಡಿ ಬರೆದುಕೊಂಡಳು. ಲೆಕ್ಕ ಸುಲಭವಾಗಲೆಂದು ಪ್ರತಿ ದರವನ್ನೂ ಹತ್ತಿರದ ಐವತ್ತು ರೂಪಾಯಿಗೆ ಸರಿಪಡಿಸಿಕೊಂಡಿದ್ದೇವೆ. ಕ್ವಿಂಟಲ್‌ಗೆ ರೂಪಾಯಿಗಳಲ್ಲಿ, ಬರೆದುಕೊಂಡ ಕ್ರಮದಲ್ಲಿಯೇ ಅವು ಹೀಗಿವೆ:

7,200, 7,350, 6,900, 7,200, 5,200, 7,400, 7,150, 7,200, 7,300.

ಸರಾಸರಿ ಸುಮಾರು 6,989 ಎಂಬುದರಲ್ಲಿ ನಮಗೆ ಗೊಂದಲವಿಲ್ಲ. ಆದರೆ ಮಧ್ಯಾಂಕದ ವಿಷಯದಲ್ಲಿ ಮಗಳು 5,200 ಎನ್ನುತ್ತಾಳೆ, ಅವಳ ಗೆಳತಿ 7,200 ಎನ್ನುತ್ತಾಳೆ. ಇಬ್ಬರೂ ಒಂಬತ್ತರಲ್ಲಿ ಐದನೆಯದನ್ನೇ ತೆಗೆದುಕೊಂಡಿರುವುದಾಗಿ ವಾದಿಸುತ್ತಾರೆ. ಇದರ ಮೇಲೆ, ಪತ್ರಿಕೆಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳು ಅಚ್ಚಾಗುತ್ತವಲ್ಲ, ಅದರಲ್ಲಿನ ಮಾದರಿ ದರ ನಮ್ಮ ಯಾವ ಉತ್ತರಕ್ಕೂ ತಾಳೆಯಾಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಶಹಾಪುರದ ಗಣಿತ ಶಿಕ್ಷಕಿ:

ನಿಮ್ಮ ಮಗಳು ಒಳ್ಳೆಯ ದತ್ತಾಂಶವನ್ನೇ ತಂದಿದ್ದಾಳೆ. ಪಠ್ಯಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಕಲಿಸುವ ಉದಾಹರಣೆ ಸಿಗುವುದು ಅಪರೂಪ.

ಮಧ್ಯಾಂಕದ ಜಗಳವನ್ನು ಮೊದಲು ಮುಗಿಸೋಣ. ಐದನೆಯದನ್ನು ತೆಗೆದುಕೊಳ್ಳಬೇಕೆಂಬುದು ಸರಿಯೇ. ಆದರೆ ಅದು ಸಂಖ್ಯೆಗಳನ್ನು ಏರಿಕೆ ಅಥವಾ ಇಳಿಕೆಯ ಕ್ರಮದಲ್ಲಿ ಜೋಡಿಸಿದ ನಂತರದ ಐದನೆಯದಾಗಿರಬೇಕು. ಜೋಡಿಸಿದಾಗ 5,200, 6,900, 7,150, 7,200, 7,200, 7,200, 7,300, 7,350, 7,400 ಎಂದಾಗುತ್ತದೆ. ಈಗ ಐದನೆಯದು 7,200. ಅದಕ್ಕಿಂತ ಮುಂಚೆ ನಾಲ್ಕು, ನಂತರ ನಾಲ್ಕು ಸಂಖ್ಯೆಗಳಿವೆ. ಜೋಡಿಸದೆ ಎಣಿಸಿದರೆ ಐದನೆಯ ಸ್ಥಾನದಲ್ಲಿ ಯಾರಿರುತ್ತಾರೆ ಎಂಬುದು ಆ ದಿನ ಯಾರ ಚೀಟಿ ಯಾವಾಗ ಕೈಗೆ ಬಂತು ಎಂಬುದನ್ನು ಅವಲಂಬಿಸುತ್ತದೆಯೇ ಹೊರತು ದರವನ್ನಲ್ಲ. ಇಲ್ಲಿ ಆ ಸ್ಥಾನದಲ್ಲಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ದರದ ಮಾಲು, ಆದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಬೇರೆ ಯಾವುದೋ ದರ ಅಲ್ಲಿ ಕೂತಿದ್ದರೆ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು. ಸಂಖ್ಯೆಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡನ್ನು ಕೂಡಿಸಿ ಎರಡರಿಂದ ಭಾಗಿಸಬೇಕು ಎಂಬುದನ್ನೂ ಅವಳಿಗೆ ನೆನಪಿಸಿ.

ಬಹುಲಕ ಎಂದರೆ ಅತಿ ಹೆಚ್ಚು ಬಾರಿ ಬಂದ ಬೆಲೆ. ಇಲ್ಲಿ 7,200 ಮೂರು ಸಲ ಬಂದಿದೆ, ಉಳಿದವೆಲ್ಲ ಒಂದೊಂದೇ ಸಲ ಬಂದಿವೆ. ವ್ಯಾಪ್ತಿ ಎಂದರೆ ಗರಿಷ್ಠದಿಂದ ಕನಿಷ್ಠವನ್ನು ಕಳೆದದ್ದು: 7,400ರಿಂದ 5,200 ಕಳೆದರೆ 2,200.

ಮಗಳಿಂದ ಇನ್ನೊಂದು ಲೆಕ್ಕವನ್ನೂ ಮಾಡಿಸಿ. 5,200ರ ಆ ಒಂದು ಮಾಲನ್ನು ಬದಿಗಿಟ್ಟು ಉಳಿದ ಎಂಟಕ್ಕೆ ಎಲ್ಲವನ್ನೂ ಮತ್ತೆ ಕಂಡುಹಿಡಿಯಲಿ. ಮೊತ್ತ 57,700, ಸರಾಸರಿ 7,212 ರೂಪಾಯಿ 50 ಪೈಸೆ. ಅಂದರೆ ಒಬ್ಬ ರೈತರ ಮಾಲು ಪಟ್ಟಿಯಿಂದ ಹೊರಗೆ ಹೋದ ಮಾತ್ರಕ್ಕೆ ಸರಾಸರಿ 220 ರೂಪಾಯಿಗಿಂತ ಹೆಚ್ಚು ಏರಿತು. ವ್ಯಾಪ್ತಿಯಂತೂ 2,200ರಿಂದ 500ಕ್ಕೆ ಕುಸಿಯಿತು. ಮಧ್ಯಾಂಕ ಮತ್ತು ಬಹುಲಕಗಳು 7,200ರಲ್ಲಿಯೇ ಇದ್ದವು. ನಾನು ತರಗತಿಯಲ್ಲಿ ಸೂತ್ರಗಳಿಗಿಂತ ಮೊದಲು ಇದನ್ನೇ ಮಾಡಿಸುತ್ತೇನೆ: ಒಂದು ಸಂಖ್ಯೆಯನ್ನು ತೆಗೆದಾಗ ನಾಲ್ಕು ಉತ್ತರಗಳಲ್ಲಿ ಯಾವುದು ಕದಲಿತು, ಯಾವುದು ಕದಲಲಿಲ್ಲ ಎಂದು ಮಕ್ಕಳೇ ನೋಡಿ ಹೇಳಬೇಕು.

ಗಂಜ್ ಗುಮಾಸ್ತ, ಕಲಬುರಗಿ:

ಮೇಡಂ ಅವರು ಹೇಳಿದ ಲೆಕ್ಕವೆಲ್ಲ ಸರಿಯಾಗಿದೆ. ಮಾದರಿ ದರದ ಬಗ್ಗೆ ಗಂಜಿನ ಕಡೆಯಿಂದ ಸ್ವಲ್ಪ ಹೇಳಬಹುದೆನಿಸಿತು.

ಪತ್ರಿಕೆಯಲ್ಲಿ ಬರುವ ಮಾದರಿ ದರ ಸರಾಸರಿಯಲ್ಲ. ಆ ದಿನ ಹೆಚ್ಚು ಮಾಲು ಯಾವ ದರದ ಆಸುಪಾಸಿನಲ್ಲಿ ಮಾರಾಟವಾಯಿತೋ ಅದನ್ನು ಮಾದರಿ ದರವೆಂದು ದಾಖಲಿಸುತ್ತಾರೆ. ಎಂದರೆ ಅದು ನಿಮ್ಮ ಮಗಳ ಪುಸ್ತಕದ ಬಹುಲಕದ ಜಾತಿಗೆ ಸೇರಿದ್ದು. ಅದರ ಅಕ್ಕಪಕ್ಕದಲ್ಲಿರುವ ಕನಿಷ್ಠ ಮತ್ತು ಗರಿಷ್ಠಗಳೇ ವ್ಯಾಪ್ತಿಯ ಎರಡು ತುದಿಗಳು. ಹಾಗಿದ್ದರೂ ನಿಮ್ಮ 7,200ಕ್ಕೆ ಅದು ತಾಳೆಯಾಗದಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ನೀವು ನೋಡಿರುವುದು ಒಂದು ಅಂಗಡಿಯ ಒಂಬತ್ತು ಚೀಟಿಗಳನ್ನು ಮಾತ್ರ. ರಾಶಿಯ ದಿನಗಳಲ್ಲಿ ಇಡೀ ಮಾರುಕಟ್ಟೆಗೆ ಬರುವ ಮಾಲು ಅದರ ಎಷ್ಟೋ ಪಟ್ಟು ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನೀವು ದರಗಳನ್ನು ಐವತ್ತಕ್ಕೆ ಸರಿಪಡಿಸಿದ್ದರಿಂದಲೇ 7,200 ಮೂರು ಸಲ ಬಂದಿದೆ. ಟೆಂಡರಿನಲ್ಲಿ ವ್ಯಾಪಾರಿಗಳು 7,189, 7,206, 7,211 ಎಂದು ಬಿಡಿ ಬಿಡಿಯಾಗಿ ದರ ಬರೆಯುತ್ತಾರೆ. ಹಾಗೆಯೇ ಬಿಟ್ಟರೆ ಯಾವ ದರವೂ ಎರಡನೆಯ ಸಲ ಬರದೆ, ಬಹುಲಕವೇ ಇಲ್ಲವೆಂದು ಬರೆಯಬೇಕಾಗುತ್ತಿತ್ತು. ಸರಾಸರಿಯಾಗಲಿ ಮಧ್ಯಾಂಕವಾಗಲಿ ಸರಿಪಡಿಸುವಿಕೆಯಿಂದ ಅಷ್ಟಾಗಿ ಅಲುಗಾಡುವುದಿಲ್ಲ.

ಕೊನೆಯದಾಗಿ ತೂಕದ ವಿಷಯ. ಒಂಬತ್ತು ಚೀಟಿಗಳೆಂದರೆ ಒಂಬತ್ತು ಸಮನಾದ ಮಾಲುಗಳಲ್ಲ. ಒಬ್ಬರು ಟ್ರ್ಯಾಕ್ಟರಿನಲ್ಲಿ ತಂದರೆ ಇನ್ನೊಬ್ಬರು ಎರಡು ಮೂರು ಚೀಲ ತಂದಿರುತ್ತಾರೆ. ನಿಮ್ಮ ಕ್ರಮದಲ್ಲಿಯೇ ಆ ಮಾಲುಗಳ ತೂಕ 20, 12, 10, 15, 2, 6, 8, 17, 10 ಕ್ವಿಂಟಲ್ ಎಂದು ಇಟ್ಟುಕೊಳ್ಳೋಣ. ಒಟ್ಟು 100 ಕ್ವಿಂಟಲ್ ಆಯಿತು. ಪ್ರತಿ ದರವನ್ನು ಅದರ ತೂಕದಿಂದ ಗುಣಿಸಿ ಕೂಡಿಸಿದರೆ 7,16,600 ರೂಪಾಯಿ; ನೂರರಿಂದ ಭಾಗಿಸಿದರೆ ಕ್ವಿಂಟಲ್‌ಗೆ 7,166. ಬರೀ ಚೀಟಿಗಳ ಸರಾಸರಿ 6,989 ಬಂದಿತ್ತು. 5,200ರ ಆ ಎರಡು ಕ್ವಿಂಟಲ್‌ಗೆ ಇಪ್ಪತ್ತು ಕ್ವಿಂಟಲ್‌ನಷ್ಟೇ ಪ್ರಾಧಾನ್ಯ ಕೊಟ್ಟಿದ್ದರಿಂದ ಆದ ವ್ಯತ್ಯಾಸ ಅದು. ನಮ್ಮ ಅಂಗಡಿಗಳ ಖಾತೆಯಲ್ಲಿ ಉಪಯೋಗಕ್ಕೆ ಬರುವುದು ಈ ತೂಕ ಹಿಡಿದ ಸರಾಸರಿ ಮಾತ್ರ.

ಚಿತ್ತಾಪುರದ ಪಾಲಕ:

ತುಂಬಾ ಉಪಕಾರವಾಯಿತು. ಒಂದು ಪ್ರಶ್ನೆ ಉಳಿಯಿತು. ಹಾಗಾದರೆ ಯಾವ ಮಾಲಿಗೂ ದರದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಈ ನಾಲ್ಕೂ ಏನಾಗುತ್ತವೆ?

ಗಂಜ್ ಗುಮಾಸ್ತ, ಕಲಬುರಗಿ:

ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಆಗುವುದು ಅದೇ. 2025–26ನೇ ಸಾಲಿಗೆ ತೊಗರಿಗೆ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಗುಣಮಟ್ಟಕ್ಕೆ ಹೊಂದಿ ಅಲ್ಲಿ ಮಾರಾಟವಾದ ಮಾಲಿಗೆಲ್ಲ ಅದೇ ದರ. ಸರಾಸರಿ 8,000, ಮಧ್ಯಾಂಕ 8,000, ಬಹುಲಕ 8,000, ವ್ಯಾಪ್ತಿ ಸೊನ್ನೆ.

ಆಳಂದದ ರೈತ:

ಒಂದು ಮಾತು ಕೇಳಬೇಕಾಗಿದೆ. ಮೇಡಂ ಅವರು 5,200ರ ಮಾಲನ್ನು ಬದಿಗಿಟ್ಟು ನೋಡಿ ಎಂದರು. ಬದಿಗಿಟ್ಟದ್ದು ಒಂದು ಸಂಖ್ಯೆಯಾದರೂ ಅದರ ಹಿಂದೆ ಒಬ್ಬ ರೈತನಿದ್ದಾನಲ್ಲವೇ? ಮಧ್ಯಾಂಕವು ಕದಲದೆ ನಿಲ್ಲುವುದನ್ನು ಎಲ್ಲರೂ ಅದರ ದೊಡ್ಡ ಗುಣವೆಂಬಂತೆ ಹೇಳುತ್ತಾರೆ. 5,200ರ ಬದಲು ಆ ಮಾಲು 2,000ಕ್ಕೆ ಹೋಗಿದ್ದರೂ ಮಧ್ಯಾಂಕ 7,200 ಎಂದೇ ಹೇಳುತ್ತಿತ್ತು. ನನಗೆ ಅದು ಗುಣವಾಗಿ ಕಾಣುವುದಿಲ್ಲ.

ಶಹಾಪುರದ ಗಣಿತ ಶಿಕ್ಷಕಿ:

ಅಣ್ಣನವರ ಆಕ್ಷೇಪ ನ್ಯಾಯವಾದದ್ದು. ಬದಿಗಿಟ್ಟು ನೋಡುವುದು ಅಳತೆಗಳ ಸ್ವಭಾವವನ್ನು ತಿಳಿಯುವುದಕ್ಕೆ ಮಾತ್ರ. ವರದಿ ಬರೆಯುವಾಗ ಒಂಬತ್ತೂ ಇರಬೇಕು. ಬರೆಯುವಾಗ ದಾಖಲೆಯ ತಪ್ಪಿಗೂ ನಿಜವಾದ ಕಡಿಮೆ ಬೆಲೆಗೂ ಇರುವ ವ್ಯತ್ಯಾಸವನ್ನು ನೋಡಬೇಕು. 7,200 ಎಂದು ಬರೆಯುವಲ್ಲಿ ಕೈತಪ್ಪಿ 72,000 ಎಂದು ಬರೆದಿದ್ದರೆ ಅದನ್ನು ತಿದ್ದಬೇಕು. ತೇವಾಂಶ ಹೆಚ್ಚಿದ್ದ ಮಾಲಿಗೆ ನಿಜಕ್ಕೂ ಕಡಿಮೆ ದರ ಸಿಕ್ಕಿದ್ದರೆ, ಅದು ಪಟ್ಟಿಯ ಅಂದ ಕೆಡಿಸುತ್ತದೆಂದು ಅಳಿಸುವ ಹಕ್ಕು ನಮಗಿಲ್ಲ.

ಸುರಪುರದ ವಿದ್ಯಾರ್ಥಿನಿ:

ನಮಸ್ಕಾರ ಗುರುಗಳೇ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೇನೆ. ಮಧ್ಯಾಂಕವನ್ನು ಮೂರರಿಂದ ಗುಣಿಸಿದರೆ ಬಹುಲಕಕ್ಕೆ ಸರಾಸರಿಯ ಎರಡರಷ್ಟನ್ನು ಕೂಡಿಸಿದಷ್ಟಾಗುತ್ತದೆ ಎಂದು ನಮಗೆ ಕಲಿಸಿದ್ದಾರೆ. ಮೇಲಿನ ತೊಗರಿ ದರಕ್ಕೆ ಅದನ್ನು ಹಾಕಿ ನೋಡಿದಾಗ ಬಹುಲಕ 7,622 ಎಂದು ಬಂತು. ನಾನು ಮೂರು ಸಲ ಕೂಡಿ ಕಳೆದು ನೋಡಿದರೂ ಅದೇ ಬರುತ್ತಿದೆ. ಇದು ಹೇಗೆ ಸರಿಯಾಗುತ್ತದೆ?

ಬೀದರಿನ ಉಪನ್ಯಾಸಕ:

ತಂಗಿ, ನಿನ್ನ ಕೂಡುವುದು ಕಳೆಯುವುದರಲ್ಲಿ ಏನೂ ತಪ್ಪಿಲ್ಲ. 7,200ನ್ನು ಮೂರರಿಂದ ಗುಣಿಸಿದರೆ 21,600. ಅದರಿಂದ ಸರಾಸರಿಯ ಎರಡರಷ್ಟಾದ 13,978ನ್ನು ಕಳೆದರೆ 7,622. ಆ ದಿನ ಯಾರಿಗೂ 7,400ಕ್ಕಿಂತ ಹೆಚ್ಚು ಸಿಕ್ಕಿಲ್ಲವಾದ್ದರಿಂದ, ಎಲ್ಲರಿಗಿಂತ ಮೇಲಿನ ದರವೇ ಎಲ್ಲಕ್ಕಿಂತ ಸಾಮಾನ್ಯವಾದ ದರ ಎಂದು ಸೂತ್ರ ಹೇಳಿದಂತಾಯಿತು. ಸೂತ್ರವನ್ನು ಹಾಕಬಾರದ ಜಾಗದಲ್ಲಿ ಹಾಕಿದ್ದರ ಫಲ ಇದು.

ಆ ಸಂಬಂಧವನ್ನು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅನುಭವದಿಂದ ಗುರುತಿಸಿದರು. ಅದು ಸರಾಸರಿಯ ವ್ಯಾಖ್ಯಾನದಿಂದ ಸಾಧಿಸಿದ ಪ್ರಮೇಯವಲ್ಲ. ಸಂಖ್ಯೆಗಳು ಸಾಕಷ್ಟು ಇದ್ದು, ಒಂದೇ ಗುಡ್ಡೆಯಾಗಿ, ಯಾವುದಾದರೂ ಒಂದು ಬದಿಗೆ ಸ್ವಲ್ಪ ಮಾತ್ರ ವಾಲಿಕೊಂಡಿದ್ದಾಗ ಅದು ಸುಮಾರಾಗಿ ಹೊಂದುತ್ತದೆ. ಒಂಬತ್ತೇ ಸಂಖ್ಯೆಗಳು, ಅದರಲ್ಲಿ ಒಂದು ಬಹಳ ದೂರ ಬಿದ್ದಿರುವಾಗ ಹೊಂದುವುದಿಲ್ಲ.

ಅದು ಹೊಂದುವ ಉದಾಹರಣೆಯನ್ನೂ ನಿನ್ನ ಊರಿನ ಕಡೆಯದನ್ನೇ ಇಟ್ಟುಕೊಂಡು ನೋಡು. ಹತ್ತಿ ಬಿಡಿಸಲು ಬಂದ ಮೂವತ್ತು ಹೆಣ್ಣುಮಕ್ಕಳು ಒಂದು ದಿನದಲ್ಲಿ ಬಿಡಿಸಿದ ಹತ್ತಿಯ ತೂಕವನ್ನು ವರ್ಗಾಂತರಗಳಲ್ಲಿ ಬರೆದಿದ್ದಾರೆ ಎಂದುಕೊ. 20ರಿಂದ 30 ಕಿಲೋ ಬಿಡಿಸಿದವರು 4 ಜನ, 30ರಿಂದ 40ರವರೆಗೆ 9, 40ರಿಂದ 50ರವರೆಗೆ 11, 50ರಿಂದ 60ರವರೆಗೆ 4, 60ರಿಂದ 70ರವರೆಗೆ 2 ಜನ. ಸರಾಸರಿಗೆ ಪ್ರತಿ ವರ್ಗದ ಮಧ್ಯಬಿಂದುವನ್ನು ಆವೃತ್ತಿಯಿಂದ, ಎಂದರೆ ಆ ವರ್ಗದಲ್ಲಿರುವವರ ಸಂಖ್ಯೆಯಿಂದ, ಗುಣಿಸಿ ಕೂಡಿಸು: 100, 315, 495, 220, 130, ಒಟ್ಟು 1,260, ಮೂವತ್ತರಿಂದ ಭಾಗಿಸಿದರೆ 42 ಕಿಲೋ. ಮಧ್ಯಾಂಕಕ್ಕೆ ಹದಿನೈದನೆಯವಳು ಎಲ್ಲಿ ಬರುತ್ತಾಳೆ ಎಂದು ಸಂಚಿತ ಆವೃತ್ತಿಯಲ್ಲಿ, ಎಂದರೆ ಮೊದಲ ವರ್ಗದಿಂದ ಕೂಡಿಸುತ್ತ ಬಂದ ಎಣಿಕೆಯಲ್ಲಿ, ಹುಡುಕು. ನಲವತ್ತಕ್ಕಿಂತ ಕಡಿಮೆ ಬಿಡಿಸಿದವರು 13 ಜನ, ಆದ್ದರಿಂದ 40–50ರ ವರ್ಗದೊಳಗೆ ಇನ್ನೆರಡು ಹೆಜ್ಜೆ ಒಳಗೆ ಹೋಗಬೇಕು. 40ಕ್ಕೆ, ಹನ್ನೊಂದರಲ್ಲಿ ಎರಡು ಭಾಗವನ್ನು ಹತ್ತರಿಂದ ಗುಣಿಸಿ ಕೂಡಿಸಿದರೆ ಸುಮಾರು 41.8. ಬಹುಲಕವೂ ಅದೇ ವರ್ಗದಲ್ಲಿದೆ. ಹಿಂದಿನ ವರ್ಗಕ್ಕಿಂತ ಅದರ ಆವೃತ್ತಿ 2 ಹೆಚ್ಚು, ಮುಂದಿನದಕ್ಕಿಂತ 7 ಹೆಚ್ಚು, ಎರಡೂ ಸೇರಿ 9. 40ಕ್ಕೆ, ಒಂಬತ್ತರಲ್ಲಿ ಎರಡು ಭಾಗವನ್ನು ಹತ್ತರಿಂದ ಗುಣಿಸಿ ಕೂಡಿಸಿದರೆ 42.2. ಮೂರೂ ಒಂದರ ಪಕ್ಕ ಒಂದು ಕುಳಿತಿವೆ. ಈಗ ನಿನ್ನ ಸೂತ್ರವನ್ನು ಹಾಕಿದರೆ ಬಹುಲಕ 41.5ರ ಸಮೀಪ ಬರುತ್ತದೆ. ನೇರವಾಗಿ ಕಂಡುಕೊಂಡ 42.2ಕ್ಕೆ ಅದು ಅಷ್ಟೇನೂ ದೂರವಲ್ಲ.

ಇಲ್ಲಿ ಸರಾಸರಿಗೆ ಮಾತ್ರ ಇರುವ ಒಂದು ಅನುಕೂಲವನ್ನು ಗಮನಿಸು. ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. 42ನ್ನು 30 ಜನರಿಂದ ಗುಣಿಸಿದರೆ 1,260 ಕಿಲೋ ಎಂಬ ಮೊತ್ತ ವಾಪಸ್ಸು ಸಿಗುತ್ತದೆ, ಅದರ ಮೇಲೆ ಒಟ್ಟು ಕೂಲಿಗೆ ಎಷ್ಟು ಹಣ ಹೊಂದಿಸಬೇಕೆಂದು ಹೊಲದವರು ಲೆಕ್ಕ ಹಾಕಬಹುದು. ಮಧ್ಯಾಂಕವನ್ನೋ ಬಹುಲಕವನ್ನೋ ಮೂವತ್ತರಿಂದ ಗುಣಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.

ಸುರಪುರದ ವಿದ್ಯಾರ್ಥಿನಿ:

ಅರ್ಥವಾಯಿತು ಗುರುಗಳೇ. ಈ ಕೋಷ್ಟಕದಲ್ಲಿ ವ್ಯಾಪ್ತಿ 70ರಿಂದ 20 ಕಳೆದು 50 ಎಂದು ಬರೆಯಬಹುದೇ?

ಬೀದರಿನ ಉಪನ್ಯಾಸಕ:

ಸುಮಾರಾಗಿ ಬರೆಯಬಹುದು. ಆದರೆ ಎಲ್ಲರಿಗಿಂತ ಕಡಿಮೆ ಬಿಡಿಸಿದವಳು 27 ಕಿಲೋ, ಹೆಚ್ಚು ಬಿಡಿಸಿದವಳು 63 ಕಿಲೋ ಬಿಡಿಸಿದ್ದರೆ ನಿಜವಾದ ವ್ಯಾಪ್ತಿ 36 ಮಾತ್ರ. ವರ್ಗಾಂತರಕ್ಕೆ ಹಾಕಿದ ಕೂಡಲೇ ಆ ವಿವರ ಕಳೆದುಹೋಗುತ್ತದೆ.

ಸೇಡಂ ನಿವಾಸಿ:

ಚರ್ಚೆಯ ನಡುವೆ ಒಂದು ಪುಟ್ಟ ಟಿಪ್ಪಣಿ. ಸರಾಸರಿಯ ಲೆಕ್ಕಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಎಂದರೆ ಇಂದಿನ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಗುಂಡಿ, ಹೊಂಡಗಳನ್ನು ತೋಡುವ ಲೆಕ್ಕಕ್ಕೆಂದೇ ಖಾತವ್ಯವಹಾರ ಎಂಬ ಅಧ್ಯಾಯವಿದೆ. ತೋಡಿದ ಹೊಂಡದ ಅಗಲವಾಗಲಿ ಆಳವಾಗಲಿ ಎಲ್ಲ ಕಡೆ ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಮಣ್ಣಿನ ಪ್ರಮಾಣವನ್ನು ಲೆಕ್ಕ ಹಾಕುವುದಕ್ಕೆ ಒಂದು ಸಮ ಅಳತೆ ಬೇಕಾಗುತ್ತದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದರ ನಿಯಮವನ್ನು ನೇರವಾಗಿ ಹೇಳಿದ್ದಾರೆ: ಅಗಲವನ್ನು ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಳಗಳ ಸಂಖ್ಯೆಯಿಂದ ಭಾಗಿಸಬೇಕು; ಉದ್ದಕ್ಕೂ ಆಳಕ್ಕೂ ಹಾಗೆಯೇ ಮಾಡಬೇಕು. ಉಪನ್ಯಾಸಕರು ಹೇಳಿದ ಕೂಲಿಯ ಮಾತು ಅಲ್ಲಿಗೂ ಹೊಂದುತ್ತದೆ. ಮಣ್ಣು ತೋಡಿದವರಿಗೆ ಹಣ ಕೊಡಬೇಕಾದದ್ದು ಒಟ್ಟು ಮಣ್ಣಿಗೆ, ಹಾಗಾಗಿ ಒಟ್ಟನ್ನು ಕಾಪಾಡುವ ಅಳತೆಯೇ ಬೇಕು.

ಭಾಲ್ಕಿಯ ಓದುಗ:

ಮಳೆಯ ಲೆಕ್ಕದಲ್ಲಿ ಮಾತ್ರ ಸರಾಸರಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ವಾಡಿಕೆ ಮಳೆ ಎಂದು ಸುದ್ದಿಯಲ್ಲಿ ಹೇಳುವುದು ಹಲವು ವರ್ಷಗಳ ಸರಾಸರಿಯನ್ನು. ಹವಾಮಾನ ಇಲಾಖೆ ಅದಕ್ಕಿಂತ ಶೇಕಡಾ 19ರವರೆಗೆ ಹೆಚ್ಚೋ ಕಡಿಮೆಯೋ ಆದರೂ ಸಾಮಾನ್ಯ ಮಳೆ ಎಂದೇ ಕರೆಯುತ್ತದೆ. ಜೂನ್ ತಿಂಗಳಲ್ಲಿ ಒಂದು ಊರಿಗೆ 120 ಮಿಲಿಮೀಟರ್ ಮಳೆ ಬಂದಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸರಾಸರಿ 4 ಮಿಲಿಮೀಟರ್ ಎಂದ ಕೂಡಲೇ ಬಿತ್ತನೆಗೆ ಹದವಾದ ಮಳೆ ಎಂಬ ಚಿತ್ರ ಮೂಡುತ್ತದೆ. ನಿಜದಲ್ಲಿ ಆ ಮಳೆ ಐದೇ ದಿನ, 8, 12, 10, 20 ಮತ್ತು 70 ಮಿಲಿಮೀಟರ್ ಎಂದು ಸುರಿದು, ಉಳಿದ 25 ದಿನ ಹನಿಯೂ ಬಿದ್ದಿಲ್ಲದಿರಬಹುದು. ಆಗ ಮಧ್ಯಾಂಕ ಸೊನ್ನೆ, ಬಹುಲಕ ಸೊನ್ನೆ, ವ್ಯಾಪ್ತಿ 70. ದಿನಕ್ಕೆ 4 ಮಿಲಿಮೀಟರ್ ಮಳೆ ಬಂದ ದಿನ ಆ ತಿಂಗಳಲ್ಲಿ ಒಂದೂ ಇಲ್ಲ. ಹೆಸರು, ಉದ್ದು ಬಿತ್ತುವವರು ಈ ಕಾರಣಕ್ಕೇ ತಿಂಗಳ ಮೊತ್ತಕ್ಕಿಂತ ಮಳೆಯಾದ ದಿನಗಳನ್ನು ಎಣಿಸುತ್ತಾರೆ. ಇಲಾಖೆಯೂ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಂದ ದಿನವನ್ನು ಮಳೆಯ ದಿನವೆಂದು ಬೇರೆಯಾಗಿಯೇ ಲೆಕ್ಕ ಇಡುತ್ತದೆ.

ಆಳಂದದ ರೈತ:

ಮಳೆಯ ಮಾತು ಬಂದದ್ದರಿಂದ ಬೆಳೆ ವಿಮೆಯ ಲೆಕ್ಕವನ್ನು ಇಲ್ಲಿ ಇಡುತ್ತೇನೆ, ಏಕೆಂದರೆ ಸರಾಸರಿ ಎಂಬುದು ನಮ್ಮ ಕೈಗೆ ಹಣವಾಗಿ ಬರುವುದು ಅಥವಾ ಬಾರದೆ ಹೋಗುವುದು ಅಲ್ಲಿಯೇ. ಫಸಲ್ ಬಿಮಾ ಯೋಜನೆಯಲ್ಲಿ ಒಂದು ವಿಮಾ ಘಟಕಕ್ಕೆ, ಎಂದರೆ ಒಟ್ಟಾಗಿ ಲೆಕ್ಕ ಹಿಡಿಯುವ ಪ್ರದೇಶಕ್ಕೆ, ಮೊದಲೇ ಒಂದು ಇಳುವರಿಯ ಮಟ್ಟವನ್ನು ನಿಗದಿ ಮಾಡುತ್ತಾರೆ. ಹಿಂದಿನ ಏಳು ವರ್ಷಗಳ ಇಳುವರಿಯಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ತೆಗೆದು, ಅದನ್ನು ಬೆಳೆಗೂ ಪ್ರದೇಶಕ್ಕೂ ತಕ್ಕಂತೆ ಶೇಕಡಾ 70, 80 ಅಥವಾ 90ರಿಂದ ಗುಣಿಸುತ್ತಾರೆ. ಈ ವರ್ಷದ ಇಳುವರಿ ಆ ಮಟ್ಟಕ್ಕಿಂತ ಎಷ್ಟು ಕಡಿಮೆಯಾಯಿತೋ ಆ ಪ್ರಮಾಣದಲ್ಲಿ ವಿಮಾ ಮೊತ್ತ ಸಿಗುತ್ತದೆ.

ನಾನು ತಿಳಿದುಕೊಳ್ಳಲೆಂದು ಒಂದು ಲೆಕ್ಕ ಹಾಕಿದೆ. ಹೆಕ್ಟೇರಿಗೆ ಕಿಲೋಗಳಲ್ಲಿ ಏಳು ವರ್ಷದ ತೊಗರಿ ಇಳುವರಿ 900, 420, 810, 760, 300, 850, 780 ಎಂದಿರಲಿ. 300 ಮತ್ತು 420ರ ಕೆಟ್ಟ ವರ್ಷಗಳನ್ನು ಬಿಟ್ಟರೆ ಉಳಿದ ಐದರ ಮೊತ್ತ 4,100, ಸರಾಸರಿ 820. ಅದರ ಶೇಕಡಾ 80 ಎಂದರೆ 656. ಏಳನ್ನೂ ಹಿಡಿದಿದ್ದರೆ ಸರಾಸರಿ ಸುಮಾರು 689, ಅದರ ಶೇಕಡಾ 80 ಸುಮಾರು 551. ಈ ವರ್ಷ ಇಳುವರಿ 600 ಬಂದರೆ, ಮೊದಲನೆಯ ಲೆಕ್ಕದಲ್ಲಿ 56 ಕಿಲೋ ಕೊರತೆಯಾಗಿ ವಿಮಾ ಮೊತ್ತದ ಶೇಕಡಾ ಎಂಟೂವರೆಯಷ್ಟು ಸಿಗುತ್ತದೆ, ಎರಡನೆಯದರಲ್ಲಿ ಏನೂ ಸಿಗುವುದಿಲ್ಲ. ಕೆಟ್ಟ ವರ್ಷಗಳನ್ನು ಬಿಟ್ಟು ಸರಾಸರಿ ತೆಗೆಯುವುದರಿಂದ ಈ ಜಾಗದಲ್ಲಿ ರೈತನಿಗೆ ಅನುಕೂಲವೇ ಆಗಿದೆ ಎಂದು ಒಪ್ಪುತ್ತೇನೆ.

ನನ್ನ ತಕರಾರು ಈ ವರ್ಷದ ಇಳುವರಿಯ ಬಗ್ಗೆ. ಘಟಕದೊಳಗೆ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಅವುಗಳ ಸರಾಸರಿಯನ್ನು ಎಲ್ಲರ ಇಳುವರಿ ಎಂದು ಹಿಡಿಯುತ್ತಾರೆ. ಹಳ್ಳದ ದಂಡೆಯಲ್ಲಿರುವ ನನ್ನ ಹೊಲದಲ್ಲಿ ನೀರು ನಿಂತು ಗಿಡಗಳು ಬಾಡಿ ಹೋದ ವರ್ಷವೂ, ಊರಿನ ಎತ್ತರದ ಹೊಲಗಳು ಚೆನ್ನಾಗಿದ್ದುದರಿಂದ ಘಟಕದ ಸರಾಸರಿ ಮಟ್ಟಕ್ಕಿಂತ ಮೇಲೆಯೇ ಉಳಿಯಿತು. ಇಂಥ ಕಡೆ ಮಧ್ಯಾಂಕ ಹಿಡಿದರೆ ನ್ಯಾಯ ಸಿಗುವುದಿಲ್ಲವೇ ಎಂದು ಬಲ್ಲವರನ್ನು ಕೇಳಬೇಕೆಂದಿದ್ದೆ.

ಬೀದರಿನ ಉಪನ್ಯಾಸಕ:

ಸಿಗುವುದಿಲ್ಲ, ಕಾಕಾ. ಇನ್ನೂ ಹೆಚ್ಚು ಅನ್ಯಾಯವಾಗುತ್ತದೆ. ಅದನ್ನು ಲೆಕ್ಕದಲ್ಲಿಯೇ ತೋರಿಸುತ್ತೇನೆ. ನಾಲ್ಕು ಕಡೆ ಕಟಾವು ಮಾಡಿದಾಗ 1,050, 980, 700 ಮತ್ತು 150 ಕಿಲೋ ಬಂದಿತು ಎಂದುಕೊಳ್ಳಿ. 150 ಬಂದದ್ದು ನಿಮ್ಮ ಹಳ್ಳದ ದಂಡೆಯಂಥ ಹೊಲ. ಸರಾಸರಿ 720, ಮಧ್ಯಾಂಕವು 980 ಮತ್ತು 700ರ ನಡುವಿನ 840. ನಿಗದಿತ ಮಟ್ಟ 656 ಆಗಿದ್ದರೆ ಎರಡರಲ್ಲೂ ಪರಿಹಾರವಿಲ್ಲ. ಈಗ 700 ಬಂದ ಹೊಲದಲ್ಲಿ 700ರ ಬದಲು 400 ಬಂದಿದೆ ಎಂದುಕೊಳ್ಳಿ. ಸರಾಸರಿ 645ಕ್ಕೆ ಇಳಿದು ಎಲ್ಲರಿಗೂ ಸ್ವಲ್ಪವಾದರೂ ಪರಿಹಾರದ ದಾರಿ ತೆರೆಯುತ್ತದೆ. ಮಧ್ಯಾಂಕ ಮಾತ್ರ 690ಕ್ಕೆ ಇಳಿದರೂ 656ರ ಮೇಲೆಯೇ ಉಳಿಯುತ್ತದೆ. ನೀವು ಮೊದಲು ಎತ್ತಿದ ಆಕ್ಷೇಪಕ್ಕೆ ಇದೇ ಸಾಕ್ಷಿ: ಎಲ್ಲಕ್ಕಿಂತ ಹೆಚ್ಚು ನಷ್ಟವಾದ 150ರ ಹೊಲದ ಭಾರ ಸರಾಸರಿಗೆ ತಾಕುತ್ತದೆ, ಮಧ್ಯಾಂಕಕ್ಕೆ ತಾಕುವುದಿಲ್ಲ.

ಸಾಧಾರಣ ಹೊಲ ಯಾವುದು ಎಂದು ತಿಳಿಯಬೇಕಾದಾಗ ಮಧ್ಯಾಂಕದ ಆ ಗುಣ ಉಪಯೋಗಕ್ಕೆ ಬರುತ್ತದೆ. 1907ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಅವರು ಇಂಗ್ಲೆಂಡಿನ ಪ್ಲಿಮತ್‌ನ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸಿ ಜನರು ಬರೆದುಕೊಟ್ಟಿದ್ದ 787 ಚೀಟಿಗಳನ್ನು ಪರಿಶೀಲಿಸಿದಾಗ, ಯಾರೋ ತಮಾಷೆಗೆ ಬರೆದ ಊಹೆಗೆ ಹೆಚ್ಚು ಮಾನ್ಯತೆ ಸಿಗಬಾರದೆಂದು ಮಧ್ಯಾಂಕವನ್ನೇ ಆರಿಸಿಕೊಂಡರು. ಅದು 1,207 ಪೌಂಡ್ ಬಂತು, ನಿಜವಾದ ತೂಕ 1,198 ಪೌಂಡ್. ಆಮೇಲೆ ಪತ್ರವೊಂದಕ್ಕೆ ಉತ್ತರವಾಗಿ ಸರಾಸರಿಯನ್ನೂ ತಿಳಿಸಿದರು. ಅದು 1,197 ಪೌಂಡ್ ಆಗಿತ್ತು. ಅಲ್ಲಿ ಯಾರಿಗೂ ನಷ್ಟ ತುಂಬಿಕೊಡಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ನಿಮ್ಮ ಹೊಲದ ತೊಂದರೆಗೆ ನಿಜವಾದ ಕಾರಣ ಸರಾಸರಿಯೂ ಅಲ್ಲ. ಮೇಲಿನ ನಾಲ್ಕು ಕಟಾವುಗಳ ವ್ಯಾಪ್ತಿ ಮೊದಲ ಲೆಕ್ಕದಲ್ಲಿ 900 ಕಿಲೋ ಇದೆ. ಇಷ್ಟು ವ್ಯಾಪ್ತಿಯಿರುವ ಹೊಲಗಳನ್ನೆಲ್ಲ ಒಂದು ಘಟಕದೊಳಗೆ ಹಾಕಿ ಒಂದೇ ಸಂಖ್ಯೆಯಿಂದ ಹೇಳಹೊರಟಿದ್ದರಲ್ಲಿ ಕಷ್ಟವಿದೆ. ಘಟಕದ ವರದಿಯಲ್ಲಿ ಸರಾಸರಿಯ ಪಕ್ಕ ಕನಿಷ್ಠ ಮತ್ತು ಗರಿಷ್ಠಗಳನ್ನು ಬರೆದರೆ ಸಾಕು, ನಿಮ್ಮಂಥವರ ಹೊಲ ಕಾಗದದ ಮೇಲಾದರೂ ಕಾಣುತ್ತದೆ.

ಶಹಾಪುರದ ಗಣಿತ ಶಿಕ್ಷಕಿ:

ಉಪನ್ಯಾಸಕರ ಕೊನೆಯ ಮಾತಿಗೆ ನಮ್ಮ ತಾಲ್ಲೂಕಿನ ಒಂದು ಉದಾಹರಣೆಯನ್ನು ಸೇರಿಸುತ್ತೇನೆ, ಏಕೆಂದರೆ ಸರಾಸರಿಯೂ ಮಧ್ಯಾಂಕವೂ ಒಂದೇ ಬಂದರೆ ಉತ್ತರ ಗಟ್ಟಿಯಾಯಿತು ಎಂದು ನಂಬುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನಮ್ಮಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಿಗುವ ಹೊಲಗಳೂ ಇವೆ, ಮಳೆಯನ್ನೇ ನಂಬಿದ ಖುಷ್ಕಿ ಹೊಲಗಳೂ ಇವೆ. ಹತ್ತು ಹೊಲಗಳ ಹತ್ತಿ ಇಳುವರಿ ಎಕರೆಗೆ ಕ್ವಿಂಟಲ್‌ಗಳಲ್ಲಿ 5, 6, 6, 6, 7, 14, 15, 15, 15, 16 ಎಂದಿರಲಿ. ಮೊತ್ತ 105, ಸರಾಸರಿ ಹತ್ತೂವರೆ. ನಡುವಿನ ಎರಡು 7 ಮತ್ತು 14, ಮಧ್ಯಾಂಕವೂ ಹತ್ತೂವರೆ. ಎರಡೂ ಕರಾರುವಾಕ್ಕಾಗಿ ಒಂದೇ ಆಗಿದ್ದರೂ ಎಕರೆಗೆ ಹತ್ತೂವರೆ ಕ್ವಿಂಟಲ್ ಬಂದ ಹೊಲ, ಅದರ ಹತ್ತಿರಕ್ಕೆ ಬಂದ ಹೊಲ ಕೂಡ, ಪಟ್ಟಿಯಲ್ಲಿ ಒಂದೂ ಇಲ್ಲ.

ಇಲ್ಲಿ ನಿಜ ಹೇಳುವುದು ಬಹುಲಕ. 6 ಮೂರು ಸಲ, 15 ಮೂರು ಸಲ ಬಂದಿರುವುದರಿಂದ ಬಹುಲಕ ಎರಡಿವೆ. ಪರೀಕ್ಷೆಯಲ್ಲಿ ಎರಡು ಬಹುಲಕ ಬಂದರೆ ಕೆಲವರು ಅವೆರಡರ ಸರಾಸರಿ ತೆಗೆದು ಒಂದೇ ಉತ್ತರ ಬರೆಯುತ್ತಾರೆ. ಹಾಗೆ ಮಾಡಿದರೆ ಮತ್ತೆ ಅದೇ ಹತ್ತೂವರೆ ಬರುತ್ತದೆ ಎಂಬುದನ್ನು ನೋಡಿ! ಎರಡನ್ನೂ ಹಾಗೆಯೇ ಬರೆಯಬೇಕು, ಬರೆದ ನಂತರ ಪಟ್ಟಿಯನ್ನು ಎರಡಾಗಿ ಒಡೆಯಬೇಕು. ಖುಷ್ಕಿ ಹೊಲಗಳ ಐದು ಸಂಖ್ಯೆಗಳಿಗೆ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ 6; ಕಾಲುವೆ ನೀರಿನ ಐದಕ್ಕೆ ಮೂರೂ 15. ಎಲ್ಲವನ್ನೂ ಕೂಡಿಸಿ ಇಟ್ಟಾಗ 11 ಇದ್ದ ವ್ಯಾಪ್ತಿ, ಬೇರ್ಪಡಿಸಿದ ಮೇಲೆ ಎರಡೂ ಕಡೆ ಬರೀ 2.